ಗಂಜಿಯ ತಿಳಿ

ಹದಿನಾಲ್ಕು ವರ್ಷದ ಹಿಂದೆ, ಮೈಸೂರಿನ ಒಂದು ಆಸ್ಪತ್ರೆಯ ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತು ಚಂದ್ರಮ್ಮ ಮೇಡಂಗೆ ನಾನೊಂದು ಮಾತು ಕೊಟ್ಟೆ. ಯಾಕೆ ಹೀಗೆ ಮಾಡಿದೆ ಎಂದು ನನ್ನನ್ನು ಕೇಳುವವರು ಇಲ್ಲದ ಕಡೆ ಯಾವ ರೋಗಿಯ ಬಾಯಿಗೂ ಏನನ್ನೂ ಹಾಕುವುದಿಲ್ಲ ಎಂದು.

ಆಗ ನಾನು ಸ್ಪೀಚ್ ಥೆರಪಿಯ ಕೊನೆಯ ವರ್ಷದಲ್ಲಿದ್ದೆ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವ ಓದು ಎಂದೇ ನಮ್ಮ ಮನೆಯವರೆಲ್ಲ ತಿಳಿದಿದ್ದರು. ಅದರಲ್ಲಿ ನುಂಗುವುದರ ಓದೂ ಇದೆ ಎಂದರೆ ನಗುತ್ತಿದ್ದರು. ಆಡುವ ಮಾತಿಗೂ ನುಂಗುವ ತುತ್ತಿಗೂ ಇರುವುದು ಅದೇ ನಾಲಿಗೆ, ಅದೇ ಗಂಟಲು. ಲಕ್ವ ಹೊಡೆದವರಿಗೆ ಎಷ್ಟೋ ಸಲ ಎರಡೂ ಒಟ್ಟಿಗೆ ಕೈಕೊಡುತ್ತವೆ. ಅವತ್ತು ಮೇಡಂ ಊಟಕ್ಕೆ ಹೋಗಿದ್ದರು. ಲಕ್ವದ ರೋಗಿಯೊಬ್ಬರ ಹೆಂಡತಿ "ಒಂದೇ ಒಂದು ಗುಟುಕು ಕಣಮ್ಮಾ, ನಾಲಿಗೆ ಒಣಗಿಹೋಗಿದೆ" ಎಂದು ನನ್ನ ಕೈ ಹಿಡಿದುಕೊಂಡರು. ನನಗೆ ಗೊತ್ತು ಎಂದುಕೊಂಡು ಮೂರು ಚಮಚ ನೀರು ಹಾಕಿದೆ. ಮೂರನೆಯ ಚಮಚಕ್ಕೆ ಅವರ ತುಟಿ ನೀಲಿಯಾಯಿತು. ನರ್ಸು ಓಡಿ ಬಂದಳು. ಬದುಕಿಕೊಂಡರು.

ಮೇಡಂ ಬೈಯಲಿಲ್ಲ. ಅದೇ ಚಮಚವನ್ನು ತಿಕ್ಕಿ ತೊಳೆಯುತ್ತ ಹೇಳಿದರು: "ಅವರು ಬದುಕಿದ್ದು ನಿನ್ನ ವಿದ್ಯೆಯಿಂದ ಅಲ್ಲ, ಅವರ ಆಯಸ್ಸು ಗಟ್ಟಿ ಇತ್ತು. ನಾನು ಪಕ್ಕದಲ್ಲಿದ್ದಿದ್ರೆ ಎರಡನೇ ಚಮಚಕ್ಕೇ ಯಾಕೆ ಅಂತ ಕೇಳ್ತಿದ್ದೆ. ಕೇಳೋರಿಲ್ಲದ ಕಡೆ ಕೈ ಹಾಕಬೇಡ ನಿಹಾರಿಕಾ. ನಾಳೆ ಎಷ್ಟೇ ದೊಡ್ಡೋಳಾದ್ರೂ ಅಷ್ಟೇ. ಮಾತು ಕೊಡು."

ಕೊಟ್ಟೆ.

ಈಗ ನಾನು ಮಲೇಷ್ಯಾದ ಪುಚೊಂಗಿನಲ್ಲಿದ್ದೇನೆ. ಎರಡು ಮಕ್ಕಳು, ಏಳನೆಯ ಮಹಡಿಯಲ್ಲೊಂದು ಬಾಡಿಗೆ ಮನೆ. ಬೆಳಗ್ಗೆ ಎಲ್‌ಆರ್‌ಟಿ ರೈಲು ಹಿಡಿದು ಸುಬಾಂಗ್ ಜಯಾಕ್ಕೆ ಹೋಗಿ, ಪ್ರಿಂಟರ್ ಕಂಪನಿಯೊಂದರ ಗ್ರಾಹಕರ ದೂರು ಕೇಳುತ್ತೇನೆ. ಓದಿದ್ದು ಬಿಟ್ಟುಹೋಗಿ ಒಂಬತ್ತು ವರ್ಷವಾಯಿತು. ಇಲ್ಲಿ ರೋಗಿಗಳನ್ನು ಮುಟ್ಟಬೇಕಾದರೆ ಇಲ್ಲಿಯ ಥೆರಪಿಸ್ಟರ ಮಂಡಳಿಯ ಪಟ್ಟಿಯಲ್ಲಿ ಹೆಸರಿರಬೇಕು. ಅದಕ್ಕೆ ಊರಿನ ನೋಂದಣಿಯ ಪತ್ರ ಬೇಕು. ಊರಿನದನ್ನು ನವೀಕರಿಸಬೇಕಾದ ವರ್ಷ ಚಿಕ್ಕವನು ಹೊಟ್ಟೆಯಲ್ಲಿದ್ದ. ಆಮೇಲೆ ನಾಳೆ, ನಾಡಿದ್ದು ಎಂದು ಆ ಕಡತ ಬೀರುವಿನ ಮೇಲೆಯೇ ಉಳಿಯಿತು.

ನಮ್ಮದೇ ಕಟ್ಟಡದ ಹನ್ನೆರಡನೆಯ ಮಹಡಿಯಲ್ಲಿ ರತ್ನ ಇದ್ದಾಳೆ. ತಿಪಟೂರಿನವಳು, ನನ್ನ ಗೆಳತಿ. ಅವಳ ಮಾವ ತಿಮ್ಮಪ್ಪನವರು ಮೊಮ್ಮಗನನ್ನು ನೋಡಲು ಬಂದವರಿಗೆ ಇಲ್ಲಿಯೇ ಲಕ್ವ ಹೊಡೆಯಿತು. ಎರಡು ವಾರ ಆಸ್ಪತ್ರೆಯಲ್ಲಿದ್ದು, ಮೂಗಿನಲ್ಲೊಂದು ಕೊಳವೆ ಇಟ್ಟುಕೊಂಡು ಮನೆಗೆ ಬಂದರು. ಊಟ, ನೀರು, ಮಾತ್ರೆ ಎಲ್ಲ ಆ ಕೊಳವೆಯಲ್ಲೇ ಹೊಟ್ಟೆಗೆ ಹೋಗಬೇಕು. ಬಾಯಿಗೆ ಏನೂ ಹಾಕಕೂಡದು, ಮೂರು ವಾರದ ನಂತರ ಮತ್ತೆ ಪರೀಕ್ಷೆ ಎಂದು ಆಸ್ಪತ್ರೆಯ ಥೆರಪಿಸ್ಟ್ ಬರೆದುಕೊಟ್ಟಿದ್ದರು.

ರತ್ನ ನನ್ನನ್ನು ಲಿಫ್ಟಿನಲ್ಲಿ ಹಿಡಿದಳು. ನನ್ನ ಕೈಯಲ್ಲಿ ಮಾಮಕ್ ಹೋಟೆಲಿನಿಂದ ಪಾರ್ಸೆಲ್ ಕಟ್ಟಿಸಿಕೊಂಡ ರೊಟ್ಟಿ ಚನಾಯ್, ಪಕ್ಕದಲ್ಲಿ ಮಗಳು ಇಂಚರ.

"ಮೂರು ವಾರ ಕಾಯೋದಾ? ನೀನೇ ಬಂದು ನೋಡೇ. ಇದನ್ನೇ ಓದಿದೋಳು ನಮ್ಮನೆ ಕೆಳಗೇ ಇದ್ದೀಯ."

"ನಾನು ಓದಿದೀನಿ ಅಷ್ಟೇ ರತ್ನ. ಇಲ್ಲಿ ನನ್ನ ಹೆಸರು ಪಟ್ಟೀಲಿಲ್ಲ."

"ನಾನೇನು ಪಟ್ಟಿ ಕೇಳಿದ್ನಾ? ಹೋಗ್ಲಿ, ಸುಮ್ನೆ ಬಂದು ಮಾತಾಡ್ಸು."

ಮಾತನಾಡಿಸಲು ಹೋದೆ. ತಿಮ್ಮಪ್ಪನವರು ಮೂವತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಲಕ್ವ ಹೊಡೆಯುವ ಮುಂಚೆ ಅವರು ಮಾತಾಡಿದರೆ ಎಂಟನೆಯ ಮಹಡಿಯ ತಮಿಳು ಅಜ್ಜಿ ಕಿಟಕಿ ಹಾಕಿಕೊಳ್ಳುತ್ತಿದ್ದರು. ಈಗ ಬಾಯಿ ಎಡಕ್ಕೆ ಜಗ್ಗಿತ್ತು, ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು. ಮೂಗಿನ ಕೊಳವೆ ತೋರಿಸಿ, "ನೋಡವ್ವ, ಹಿಂದಿನ್ ಬಾಗ್ಲಲ್ಲಿ ಹತ್ತುಸ್ತಾವ್ರೆ. ಮುಂದಿನ್ ಬಾಗ್ಲು ಬಂದ್" ಎಂದರು. ನಾನು ನಕ್ಕೆ. ಅವರೂ ನಗಲು ಹೋಗಿ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ತುಂಬಿತು.

"ಒಂದ್ ಗುಟುಕು ನೀರು ಕಣವ್ವ. ಒಂದೇ. ನೀನ್ ಓದಿದೀಯಂತೆ."

ಮೇಜಿನ ಮೇಲೆ ಲೋಟವಿತ್ತು, ಚಮಚವಿತ್ತು. ಅವರ ಗಂಟಲಿನ ಮೇಲೆ ಎರಡು ಬೆರಳಿಟ್ಟು, ಕಾಲು ಚಮಚದಿಂದ ಶುರು ಮಾಡಿ, ಹತ್ತು ನಿಮಿಷದಲ್ಲಿ ಒಂದು ಅಂದಾಜಿಗೆ ಬರಬಹುದಿತ್ತು. ಕೈಗೆ ಅದು ಮರೆತಿರಲಿಲ್ಲ. ಮಾಡಲಿಲ್ಲ. "ಅಂಕಲ್, ಆಸ್ಪತ್ರೆಯವರು ನೋಡಿ ಹೇಳ್ತಾರೆ. ಬೇಗ ನೋಡಿ ಅಂತ ಕೇಳೋಣ" ಎಂದೆ. ಥೆರಪಿಸ್ಟಿಗೆ ಫೋನ್ ಮಾಡಿ ಪರೀಕ್ಷೆ ಇನ್ನೂ ಬೇಗ ಮಾಡಿಸಿಕೋ ಎಂದು ರತ್ನಳಿಗೆ ಹೇಳಿ ಬಾಗಿಲಿಗೆ ಬಂದೆ.

ರತ್ನ ಚಪ್ಪಲಿ ಸ್ಟ್ಯಾಂಡಿನವರೆಗೂ ಬಂದಳು. "ಪ್ರಿಂಟರ್ ಕೆಟ್ರೆ ಅರ್ಧ ಗಂಟೆ ಕೂತು ಕೇಳ್ತೀಯ. ನಮ್ಮಾವನ ಗಂಟಲು ಕೆಟ್ರೆ ಕಾಗದ ಇಲ್ಲ ಅಂತೀಯ. ಚೆನ್ನಾಗಿದೆ ಕಣೇ."

ಲಿಫ್ಟಿನಲ್ಲಿ ಇಂಚರ ತಲೆಯೆತ್ತಿ ನನ್ನ ಮುಖ ನೋಡಿ, "ಅಮ್ಮಾ, ಸೋ ಯು ಆರ್ ನಾಟ್ ಅ ರಿಯಲ್ ಥೆರಪಿಸ್ಟ್?" ಎಂದಳು. ಹತ್ತು ವರ್ಷದ ಹುಡುಗಿ. ಬೇಜಾರು ಮಾಡಬೇಕೆಂದು ಕೇಳಿದ್ದಲ್ಲ.

"ಸದ್ಯಕ್ಕೆ ಅಲ್ಲ" ಎಂದೆ.

ಮುಂದಿನ ವಾರ ರತ್ನ ನನಗೆ ಏನೂ ಹೇಳಲಿಲ್ಲ. ಆಸ್ಪತ್ರೆಗೆ ಅವಳು ಫೋನೂ ಮಾಡಿರಲಿಲ್ಲ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವಳು ಬರೆದದ್ದನ್ನು ನಾನು ಊಟದ ವಿರಾಮದಲ್ಲಿ ಓದಿದೆ: "ನುಂಗುವ ಥೆರಪಿಗೆ ಮನೆಗೇ ಬರುವ ನಮ್ಮವರು ಸಿಕ್ಕಿದ್ದಾರೆ. ಥ್ಯಾಂಕ್ಯೂ ಪೃಥ್ವಿ ಸರ್." ಕೆಳಗೆ ಹದಿನೇಳು ಜನರ ಕೈಮುಗಿದ ಚಿತ್ರ.

ಸಂಜೆ ಆಫೀಸಿನಿಂದ ನೇರ ಹನ್ನೆರಡನೆಯ ಮಹಡಿಗೆ ಹೋದೆ. ಪೃಥ್ವಿ ಆಗಷ್ಟೇ ಹೊರಡುತ್ತಿದ್ದ. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಟೂಲ್‌ಕಿಟ್ಟಿನಂಥ ಪೆಟ್ಟಿಗೆ. ಅದರಲ್ಲಿ ಗಂಟಲಿಗೆ ಅಂಟಿಸಿ ಸಣ್ಣಗೆ ಕರೆಂಟು ಕೊಡುವ ಯಂತ್ರವಿತ್ತು.

"ಎಲ್ಲಿ ಓದಿದ್ದು ನೀವು?" ಎಂದು ಕೇಳಿದೆ.

"ಬೆಂಗಳೂರಲ್ಲಿ ಫಿಟ್‌ನೆಸ್ ಡಿಪ್ಲೊಮಾ ಮೇಡಂ. ಇದು ಆನ್‌ಲೈನ್ ಕೋರ್ಸ್, ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್."

"ಇಲ್ಲಿ ರಿಜಿಸ್ಟರ್ ಆಗಿದೀರಾ?"

ಅವನು ಮೆತ್ತಗೆ ನಕ್ಕ. "ರತ್ನ ಮೇಡಂ ಹೇಳಿದ್ರು, ನೀವೂ ಇದನ್ನೇ ಓದಿದೀರಂತೆ. ನೀವು ರಿಜಿಸ್ಟರ್ ಆಗಿದೀರಾ ಮೇಡಂ?"

"ಇಲ್ಲ" ಎಂದೆ.

"ಮತ್ತೆ? ನಾನಾದ್ರೂ ಬಂದು ಕೈ ಹಚ್ಚಿದೀನಿ" ಎಂದು ಶೂ ಹಾಕಿಕೊಂಡು ಹೊರಟ.

ರತ್ನ ನನ್ನನ್ನು ನೋಡಲಿಲ್ಲ, ಬಾಗಿಲು ಹಾಕಿಕೊಂಡಳು. ಮನೆಗೆ ಬಂದವಳೇ ಕುಕ್ಕರ್ ಇಟ್ಟು, ಅಡುಗೆಮನೆಯ ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದೆ. ಮಂಡಳಿಯ ಪಟ್ಟಿ ಯಾರು ಬೇಕಾದರೂ ನೋಡುವಂತೆ ಜಾಲತಾಣದಲ್ಲಿದೆ. ಆಸ್ಪತ್ರೆಯ ಥೆರಪಿಸ್ಟ್ ಹಿದಾಯಾ ಅವರ ಹೆಸರು ಹಾಕಿದೆ. ಬಂತು, ನೋಂದಣಿ ಸಂಖ್ಯೆಯೊಂದಿಗೆ. ಪೃಥ್ವಿಯ ಹೆಸರು ಹಾಕಿದೆ. "ತಿಯಾದಾ ರೆಕೋಡ್" ಎಂದು ಮಲಯ್ ಭಾಷೆಯಲ್ಲಿ ಬಂತು. ದಾಖಲೆ ಇಲ್ಲ. ನನ್ನ ಹೆಸರನ್ನೂ ಹಾಕಿ ನೋಡಿದೆ. ಅದೇ ಎರಡು ಪದ, ಅದೇ ಅಕ್ಷರದಲ್ಲಿ. ಕುಕ್ಕರ್ ಮೂರು ಕೂಗು ಕೂಗುವವರೆಗೆ ಅದನ್ನೇ ನೋಡುತ್ತ ನಿಂತಿದ್ದೆ. ಅವನ ಹೆಸರು ಇಲ್ಲದ ಪುಟವನ್ನು ಫೋಟೋ ತೆಗೆದು ರತ್ನಳಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ.

ಮೂರು ದಿನ ಆ ಮನೆಯ ಕಡೆ ಹೋಗಲಿಲ್ಲ. ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೊಂದಿತ್ತು: ನಾನು ಒಲ್ಲೆ ಎಂದದ್ದಕ್ಕೇ ಅಲ್ಲವೇ ಅವನು ಬಂದದ್ದು? ನಾನು ಕಾಲು ಚಮಚ ಹಾಕಿ ನೋಡಿದ್ದರೆ ರತ್ನ ಗುಂಪಿನಲ್ಲಿ ಕೇಳುತ್ತಲೇ ಇರಲಿಲ್ಲ. ಗಂಡ ಜೀವನ್ ಬಳಿ ಹೇಳಿದೆ. ಅವನು ಮಕ್ಕಳ ಶೂಗೆ ಪಾಲಿಶ್ ಹಚ್ಚುತ್ತಿದ್ದವನು, "ಹಾಗಂತ ನೀನು ಹಾಕಿದ್ರೆ? ಏನಾದ್ರೂ ಆಗಿದ್ರೆ ಯಾರನ್ನ ಕೇಳೋರು?" ಎಂದ. ಅಷ್ಟು ಸುಲಭವಾಗಿ ನನಗೆ ಸಮಾಧಾನವಾಗಲಿಲ್ಲ.

ಶನಿವಾರ ಬೆಳಗ್ಗೆ ತಡೆಯಲಾಗದೆ ಹತ್ತಿ ಹೋದೆ. ರತ್ನಳ ಗಂಡ ನರಸಿಂಹ ಕೆಲಸದ ಮೇಲೆ ಪೆನಾಂಗಿಗೆ ಹೋಗಿದ್ದ. ತಿಮ್ಮಪ್ಪನವರು ದಿಂಬಿಗೆ ಒರಗಿ ಕೂತಿದ್ದರು.

"ಹೆಂಗಿದೀರ ಅಂಕಲ್?"

"ಪಸಂದಾಗಿದೀನವ್ವ."

ನಾನು ನಿಂತಲ್ಲೇ ನಿಂತೆ. ಮಾತು ಮೊದಲಿಗಿಂತ ಸ್ಪಷ್ಟವಾಗಿಯೇ ಇತ್ತು. ಆದರೆ ದನಿ ಒದ್ದೆಯಾಗಿತ್ತು. ನೀರಿನೊಳಗಿಂದ ಯಾರೋ ಮಾತಾಡಿದ ಹಾಗೆ, ಒಳಗೆ ಗೊರಗೊರ. ಕಲಿತವರಿಗೆ ಆ ದನಿ ಗೊತ್ತು. ಹೊಟ್ಟೆಗೆ ಇಳಿಯಬೇಕಾದ್ದು ಉಸಿರಿನ ದಾರಿಯ ಬಾಯಲ್ಲಿ ನಿಂತಿದೆ ಎಂದು ಅರ್ಥ. ಹಣೆ ಮುಟ್ಟಿದೆ, ಸುಡುತ್ತಿತ್ತು. ಎದೆ ಬೇಗ ಬೇಗ ಏರಿಳಿಯುತ್ತಿತ್ತು.

"ರತ್ನ, ಬಾಯಿಗೆ ಏನು ಕೊಟ್ಟಿದೀಯ?"

"ಏನಿಲ್ಲ."

"ರತ್ನ."

ಅವಳು ಸೆರಗಿಲ್ಲದ ನೈಟಿಯ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು. "ಗಂಜಿ ತಿಳಿ ಕಣೇ. ಅನ್ನ ಅಲ್ಲ, ಅಗುಳೂ ಇಲ್ಲ, ಬಟ್ಟೇಲಿ ಸೋಸಿ ಕೊಟ್ಟಿದ್ದು. ನೀರಿನ ಥರ ತೆಳ್ಳಗೆ. ಕೊಳವೆ ಇಟ್ರೆ ಗಂಟಲು ಸೋಮಾರಿ ಆಗುತ್ತೆ ಅಂದ್ರು ಪೃಥ್ವಿ. ತೆಳ್ಳಗಿದ್ರೆ ಸಲೀಸಾಗಿ ಇಳಿಯುತ್ತೆ ಅಲ್ವಾ? ಜ್ವರ ಬಂದೋರಿಗೆ, ಬಾಣಂತಿಗೆ, ಕೂಸಿಗೆ, ಯಾರಿಗಾದ್ರೂ ನಾವು ಗಂಜಿ ತಿಳೀನೇ ಅಲ್ವಾ ಕೊಡೋದು?"

ನಮ್ಮಮ್ಮನೂ ಅದನ್ನೇ ಕೊಡುತ್ತಿದ್ದಳು. ನಾನು ಓದದೇ ಇದ್ದಿದ್ದರೆ ನಾನೂ ಅದನ್ನೇ ಕೊಡುತ್ತಿದ್ದೆ. ಕಾಯಿಲೆಯವರಿಗೆ ಎಷ್ಟು ತೆಳ್ಳಗೆ ಕೊಟ್ಟರೆ ಅಷ್ಟು ಒಳ್ಳೆಯದೆಂಬುದು ನಮ್ಮ ಒಲೆಯ ಮುಂದಿನ ನಂಬಿಕೆ. ಗಂಟಲು ಸೋತವರಿಗೆ ಅದೇ ಎಲ್ಲಕ್ಕಿಂತ ಅಪಾಯ. ತೆಳ್ಳಗಿನದು ಓಡುತ್ತದೆ, ಉಸಿರಿನ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಒಳಗೆ ನುಗ್ಗುತ್ತದೆ.

"ಈಗಲೇ ಆಸ್ಪತ್ರೆಗೆ ಹೊರಡು" ಎಂದೆ.

"ಮತ್ತೆ ಅಡ್ಮಿಟ್ ಮಾಡ್ತಾರೆ ಕಣೇ!" ರತ್ನ ಅಡುಗೆಮನೆಗೆ ಓಡಿ ಬಟ್ಟಲು ತಂದಳು. ಅದರಲ್ಲಿ ಬೆಳಗಿನ ಗಂಜಿ, ಬೆಚ್ಚಗೆ, ತಿಳಿಯಾಗಿ. ಚಮಚ ತುಂಬಿ ನನ್ನ ಕೈಗೆ ಹಿಡಿಸಿದಳು. "ನೀನು ಒಂದೇ ಒಂದು ಸಲ ಹಾಕಿ ನೋಡು. ಇಳೀತಿಲ್ಲ ಅಂದ್ರೆ ಈಗಲೇ ಹೊರಡ್ತೀನಿ. ನಿನ್ ಮಾತು ನಂಬ್ತೀನಿ, ಆಣೆ. ಇಳಿದ್ರೆ ಸೋಮವಾರದವರೆಗೂ ನೋಡೋಣ, ನರಸಿಂಹ ಬರಲಿ."

ತಿಮ್ಮಪ್ಪನವರು ಬಾಯಿ ತೆರೆದರು. ಹಕ್ಕಿಮರಿಯ ಹಾಗೆ. ಚಮಚ ನನ್ನ ಕೈಯಲ್ಲಿತ್ತು, ಅವರ ತುಟಿಗೂ ಅದಕ್ಕೂ ಒಂದು ಗೇಣು. ಒಂದು ಚಮಚ ಹಾಕಿದರೆ ರತ್ನ ನಂಬುತ್ತಾಳೆ, ಹೊರಡುತ್ತಾಳೆ. ಹಾಕದಿದ್ದರೆ ಸೋಮವಾರದವರೆಗೆ ಹಟ ಹಿಡಿದಾಳು. ಒಳ್ಳೆಯದಕ್ಕೇ ಅಲ್ಲವೇ ಎಂದಿತು ಮನಸ್ಸು. ಮೂರು ಚಮಚ ನೀರು ಹಾಕುವಾಗಲೂ ಅದು ಒಳ್ಳೆಯದಕ್ಕೇ ಎಂದಿತ್ತು.

ಚಮಚವನ್ನು ಬಟ್ಟಲಿಗೆ ಇಳಿಸಿದೆ. "ರತ್ನ, ನಾನು ಹಾಕಿ ತಪ್ಪಾದ್ರೆ ನೀನು ನನ್ನನ್ನ ಏನೂ ಕೇಳಲ್ಲ. ಗೆಳತಿ ಅಂತ ಸುಮ್ನಾಗ್ತೀಯ. ಪೃಥ್ವಿಯನ್ನೂ ನೀನು ಕೇಳಲ್ಲ, ನಮ್ಮವನು ಅಂತ. ನಿಮ್ಮ ಮಾವನ ಉಸಿರು ಎಣಿಸು. ಒಂದು ನಿಮಿಷ ಎಣಿಸು, ಸಾಕು. ಅದಕ್ಕೆ ಓದು ಬೇಕಿಲ್ಲ."

ಅವಳು ಫೋನಿನ ಗಡಿಯಾರ ಹಿಡಿದು ಎಣಿಸಿದಳು. ಮೂವತ್ನಾಲ್ಕು. ಆಮೇಲೆ, ಯಾಕೆ ಹೊಳೆಯಿತೋ, ತನ್ನದನ್ನೂ ಎಣಿಸಿದಳು. ಹದಿನೆಂಟು. ಬಟ್ಟಲನ್ನು ಸಿಂಕಿಗೆ ಸುರಿದಳು.

"ಜೀವನ್‌ಗೆ ಕಾರು ತರೋಕೆ ಹೇಳು" ಎಂದಳು.

ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶ ಚೆನ್ನಾಗಿತ್ತು, ಬಲಗಡೆಯದರ ಕೆಳಗೆ ಬಿಳಿ ಮಬ್ಬು. ಗಂಜಿ ಅಲ್ಲಿಗೆ ಇಳಿದು ನ್ಯುಮೋನಿಯಾ ಶುರುವಾಗಿತ್ತು. ಇನ್ನೆರಡು ದಿನ ತಡೆದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರತ್ನ ಹೊರಗಿನ ಕುರ್ಚಿಯಲ್ಲಿ ಕೂತು, "ನನ್ ಕೈಯಾರೆ, ಸೋಸಿ ಸೋಸಿ ಕೊಟ್ನಲ್ಲೇ" ಎಂದು ಅತ್ತಳು. ನಾನು ಅವಳ ಬೆನ್ನು ಸವರಿದೆ.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಹಿದಾಯಾ ಬಂದರು. ಗುಂಡು ಮುಖ, ನೀಲಿ ತಲೆವಸ್ತ್ರ, ಕತ್ತಿನಲ್ಲಿ ಹೆಸರಿನ ಕಾರ್ಡು. ರತ್ನಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದರು. ಯಾವತ್ತಿನಿಂದ, ಎಷ್ಟು, ಹೇಗೆ ಕೂರಿಸಿ, ಯಾರು ಹೇಳಿ. ಬೈಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ದನಿ ಒದ್ದೆ ಅಂತ ಗೊತ್ತು ಮಾಡಿದ್ದು ನೀವಾ? ನೀವೂ ಥೆರಪಿಸ್ಟ್ ಆ?"

"ಊರಲ್ಲಿ ಆಗಿದ್ದೆ. ಇಲ್ಲಿ ನೋಂದಣಿ ಆಗಿಲ್ಲ."

"ಹಾಗಾದ್ರೆ ಮನೇಲಿ ಪರೀಕ್ಷೆ ಏನಾದ್ರೂ ಮಾಡಿದ್ರಾ? ನಿಜ ಹೇಳಿ."

"ಇಲ್ಲ. ಬಾಯಿಗೆ ಏನೂ ಹಾಕಿಲ್ಲ."

"ಯಾಕೆ?"

ಎಷ್ಟೋ ವರ್ಷದ ಮೇಲೆ ಆ ಪ್ರಶ್ನೆಯನ್ನು ಒಬ್ಬರು ನನಗೆ ಕೇಳಿದರು. ಅವಮಾನವಾಗಬೇಕಿತ್ತು. ಹೆಗಲ ಮೇಲಿನ ಚೀಲ ಇಳಿಸಿದಷ್ಟು ಹಗುರವಾಯಿತು. ಹಲ್ಲು ಬಿಟ್ಟುಕೊಂಡು, "ನೀವು ಹೀಗೆ ಕೇಳ್ತೀರಿ ಅಂತ" ಎಂದೆ. ಹಿದಾಯಾ ನಕ್ಕು, ಇಲ್ಲಿಯವರ ಧಾಟಿಯಲ್ಲಿ "ಗುಡ್ ಲಾ" ಎಂದು ಬರೆದುಕೊಂಡರು.

ಎಕ್ಸ್‌ರೇಯಲ್ಲಿ ಏನಿದೆ ಎಂದು ಆಸ್ಪತ್ರೆ ಬರೆದುಕೊಡುತ್ತದೆ, ಆದರೆ ಮನೆಗೆ ಬಂದು ಯಾರು ಏನು ಮಾಡಿದರು ಎಂಬುದನ್ನು ಕಂಡವರೇ ಮಂಡಳಿಗೆ ಬರೆಯಬೇಕು ಎಂದೂ ಅವರು ಹೇಳಿದರು. ರತ್ನ ಹಿಂಜರಿದಳು. "ನಮ್ಮವನು ಕಣೇ. ಗುಂಪಿನಲ್ಲಿ ಎಲ್ಲರ ಬಾಯಿಗೆ ಬೀಳ್ತೀವಿ. ಪಾಪ, ಅವನ ಹೊಟ್ಟೆಪಾಡು."

"ಬರೋ ವಾರ ಅವನು ಇನ್ಯಾರ ಮಾವನಿಗೆ ಗಂಜಿ ಕುಡಿಸ್ತಾನೋ?" ಎಂದೆ.

ದೂರು ಬರೆಯುವುದು ನನಗೆ ಗೊತ್ತಿತ್ತು, ದಿನಾ ಕೇಳುವವಳು. ಅನ್ನಿಸಿದ್ದು ಬೇಡ, ಕಂಡದ್ದು, ತಾರೀಖು, ಆಡಿದ ಮಾತು. ಇಬ್ಬರೂ ಕೂತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತೆ ತಾರಿಕ್ ಚಹಾ ಕುಡಿಯುತ್ತ ಬರೆದೆವು. "ನಾನು ಇದೇ ವಿಷಯ ಓದಿದ್ದೇನೆ, ಇಲ್ಲಿ ನನಗೂ ನೋಂದಣಿ ಇಲ್ಲ" ಎಂಬ ಸಾಲನ್ನೂ ಸೇರಿಸಿದೆ. ರತ್ನ ಸಹಿ ಹಾಕಿದಳು. ಗುಂಪಿನಲ್ಲಿ ತಾನೇ ಬರೆದಳು, ನಡೆದದ್ದನ್ನು ನಡೆದ ಹಾಗೆ. ಒಬ್ಬರು "ನಮ್ಮವರ ಮೇಲೇ ಕಂಪ್ಲೇಂಟಾ" ಎಂದರು. ಇನ್ನೊಬ್ಬರು, ತಮ್ಮ ತಾಯಿಗೂ ಅವನು ಬರುತ್ತಿದ್ದಾನೆ, ಈಗಲೇ ನಿಲ್ಲಿಸುತ್ತೇವೆ ಎಂದರು. ಹತ್ತು ದಿನಕ್ಕೆ ಮಂಡಳಿಯ ಅಧಿಕಾರಿಯೊಬ್ಬರು ರತ್ನಳಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ವಿಚಾರಿಸಿದರು. ಅದು ಎಲ್ಲಿಗೆ ಮುಟ್ಟುತ್ತದೋ ಇನ್ನೂ ಗೊತ್ತಿಲ್ಲ.

ಜ್ವರ ಇಳಿಯಲು ಒಂದು ವಾರ ಹಿಡಿಯಿತು. ಮೂರನೆಯ ವಾರ ನುಂಗುವ ಪರೀಕ್ಷೆ. ತಿಮ್ಮಪ್ಪನವರನ್ನು ಎಕ್ಸ್‌ರೇ ಪರದೆಯ ಪಕ್ಕ ಕೂರಿಸಿದರು. ಗಾಜಿನ ಈಚೆ ನಾವು. ಹಿದಾಯಾ ಎಕ್ಸ್‌ರೇಯಲ್ಲಿ ಕಾಣುವ ಔಷಧ ಬೆರೆಸಿದ ಗಟ್ಟಿ ಹಿಟ್ಟಿನಂಥದ್ದನ್ನು ಕಾಲು ಚಮಚ ಕೊಟ್ಟರು. ಪರದೆಯ ಮೇಲೆ ಕಪ್ಪು ಮುದ್ದೆಯೊಂದು ನಾಲಿಗೆಯ ಹಿಂದೆ ಬಂದು ನಿಂತಿತು. ನಿಂತೇ ಇತ್ತು. ರತ್ನಳ ಉಗುರು ನನ್ನ ತೋಳಿಗೆ ನಾಟಿತು. ಆಮೇಲೆ ಗಂಟಲು ಮೇಲೆದ್ದಿತು, ಉಸಿರಿನ ದಾರಿ ಮುಚ್ಚಿತು, ಕಪ್ಪು ಗೆರೆ ನೆಟ್ಟಗೆ ಹಿಂದಿನ ಅನ್ನದ ದಾರಿಯಲ್ಲಿ ಇಳಿದುಹೋಯಿತು. ಒಂದು ಹನಿಯೂ ಉಸಿರಿನ ದಾರಿಗೆ ಚೆಲ್ಲಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ.

ಗಟ್ಟಿಯಾದದ್ದು ಕೊಡಬಹುದು, ತೆಳ್ಳಗಿನದು ಇನ್ನೂ ಕೂಡದು, ನೀರು ಸದ್ಯಕ್ಕೆ ಕೊಳವೆಯಲ್ಲೇ ಎಂದರು ಹಿದಾಯಾ. ಎಷ್ಟು ಗಟ್ಟಿ ಎಂದು ತೋರಿಸಲು ಚಮಚವನ್ನು ವಾರೆ ಮಾಡಿ ಹಿಡಿದರು, ಜಾರಬಾರದು, ನಿಲ್ಲಬೇಕು. ರತ್ನಳಿಗೆ ಎರಡು ದಿನ ಪಕ್ಕದಲ್ಲಿ ನಿಂತು ಕಲಿಸಿದರು. ಅವಳು ಮನೆಯಿಂದ ರಾಗಿ ಸರಿ ಮಾಡಿ ತಂದಳು, ಕೂಸಿಗೆ ತಿನ್ನಿಸುವಂಥದ್ದು, ಇನ್ನೂ ಗಟ್ಟಿಯಾಗಿ.

"ನೀನೇ ಮೊದಲನೇ ತುತ್ತು ಹಾಕೇ" ಎಂದಳು ನನಗೆ. "ನಿನ್ನಿಂದಲೇ ಇವರು ಉಳಿದದ್ದು."

"ನಿನಗೆ ಕಲಿಸಿದ್ದಾರೆ, ನೀನು ಹಾಕು. ತಪ್ಪಿದ್ರೆ ಅವರು ನಿನ್ನ ಕೇಳ್ತಾರೆ."

ರತ್ನ ಹಾಕಿದಳು. ತಿಮ್ಮಪ್ಪನವರು ಗಲ್ಲ ಎದೆಗೆ ತಗ್ಗಿಸಿ, ಕಲಿಸಿದ ಹಾಗೆ, ಬಹಳ ಹೊತ್ತು ತೆಗೆದುಕೊಂಡು ನುಂಗಿದರು. ನಾವು ಮೂವರೂ ಅವರ ದನಿಗೆ ಕಾದೆವು.

"ಉಪ್ಪಿಲ್ಲ" ಎಂದರು. ದನಿ ಒಣಗಿದ ಬಟ್ಟೆಯಷ್ಟು ಸ್ವಚ್ಛವಾಗಿತ್ತು.

"ವಾಟ್ ಡಿಡ್ ಹಿ ಸೇ?" ಎಂದು ಹಿದಾಯಾ ಕೇಳಿದರು. ರತ್ನ ಹೇಳಲು ಹೋಗಿ ನಗು ತಡೆಯಲಾಗದೆ ಗೋಡೆಗೆ ಒರಗಿದಳು.

ಆ ಭಾನುವಾರ ನಾನು ಬೀರುವಿನ ಮೇಲಿನ ಕಡತ ಇಳಿಸಿ, ಊರಿನ ನೋಂದಣಿಯ ನವೀಕರಣಕ್ಕೆ ಅರ್ಜಿ ಹಾಕಿದೆ. ಅದು ಬರಲು ತಿಂಗಳುಗಳೇ ಬೇಕು. ಬಂದಮೇಲೆ ಇಲ್ಲಿಯದು.

ತಿಮ್ಮಪ್ಪನವರ ಬಾಯಿಗೆ ನಾನು ಏನನ್ನೂ ಹಾಕಲಿಲ್ಲ. ಚಂದ್ರಮ್ಮ ಮೇಡಂಗೆ ಕೊಟ್ಟ ಮಾತು ಉಳಿಯಿತು.